ಗಂಡನ ಸಾಲಕ್ಕೆ ನಾನು ಎಷ್ಟರಮಟ್ಟಿಗೆ ಹೊಣೆ? ವಸೂಲಿಯವರು ಶಾಲೆಗೇ ಬಂದಿದ್ದರು

ತುಮಕೂರಿನ ಶಿಕ್ಷಕಿ (ಪ್ರಶ್ನೆ):

ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ಯಜಮಾನರು ಹನ್ನೊಂದು ವರ್ಷ ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡಿಕೊಡುವ ಅಂಗಡಿ ನಡೆಸುತ್ತಿದ್ದರು. ಗುತ್ತಿಗೆದಾರರೊಬ್ಬರಿಂದ ಬರಬೇಕಾಗಿದ್ದ ಬಾಕಿ ಬಾರದೆ ಕಳೆದ ದೀಪಾವಳಿಯ ಹೊತ್ತಿಗೆ ಅಂಗಡಿಗೆ ಬೀಗ ಬಿತ್ತು. ಈಗ ಅವರೊಬ್ಬರ ಹೆಸರಿನಲ್ಲಿ ಸುಮಾರು ಆರೂವರೆ ಲಕ್ಷದ ವೈಯಕ್ತಿಕ ಸಾಲವಿದೆ. ಅವರ ಕ್ರೆಡಿಟ್ ಕಾರ್ಡಿನಲ್ಲಿ ಎರಡು ಲಕ್ಷ ಚಿಲ್ಲರೆ ಬಾಕಿಯಿದೆ. ಅದೇ ಕಾರ್ಡಿಗೆ ನನ್ನ ಹೆಸರಿನ ಆಡ್-ಆನ್ ಕಾರ್ಡೂ ಇದ್ದು, ನಾನು ಅದರಲ್ಲಿ ಒಂದು ಫ್ರಿಜ್ ಕೊಂಡಿದ್ದೆ. ಇಬ್ಬರೂ ಸೇರಿ ತೆಗೆದ ಮನೆ ಸಾಲದ ಕಂತು ನನ್ನ ಸಂಬಳದಿಂದ ತಪ್ಪದೆ ಹೋಗುತ್ತಿದೆ. ಇವಲ್ಲದೆ ಸ್ನೇಹಿತರೊಬ್ಬರಿಂದ ಅವರು ಮೂರು ಲಕ್ಷ ಕೈಸಾಲ ಪಡೆದಿದ್ದರು. ಅದಕ್ಕೆ ನಮ್ಮ ಜಂಟಿ ಖಾತೆಯ ಚೆಕ್ಕಿಗೆ ತಾವೊಬ್ಬರೇ ರುಜು ಹಾಕಿ ಕೊಟ್ಟಿದ್ದು, ಆ ಚೆಕ್ಕು ಬೌನ್ಸ್ ಆಗಿದೆ.

ಮೊನ್ನೆ ವೈಯಕ್ತಿಕ ಸಾಲದ ವಸೂಲಿಯವರಿಬ್ಬರು ಶಾಲೆಗೆ ಬಂದರು. ಬಿಸಿಯೂಟದ ಹೊತ್ತು, ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಒಂದು ಬಿಳಿ ಹಾಳೆ ಮುಂದಿಟ್ಟು, "ಮೂರು ತಿಂಗಳು ಕೋರ್ಟಿಗೆ ಹೋಗದೆ ಕಾಲಾವಕಾಶ ಕೊಟ್ಟರೆ ಬಾಕಿಯನ್ನು ನಾನೇ ತೀರಿಸುತ್ತೇನೆ" ಎಂದು ಬರೆದು ರುಜು ಹಾಕಿಕೊಡಿ, ಇಲ್ಲವಾದರೆ ನಾಳೆಯೇ ನಿಮ್ಮ ಸಂಬಳಕ್ಕೆ ತಡೆ ತರುತ್ತೇವೆ ಎಂದರು. ಮುಖ್ಯೋಪಾಧ್ಯಾಯರು ಮಧ್ಯೆ ಬಂದದ್ದರಿಂದ ನಾನು ಬರೆದುಕೊಡಲಿಲ್ಲ. ಸೋಮವಾರ ಮತ್ತೆ ಬರುವುದಾಗಿ ಹೇಳಿ ಹೋಗಿದ್ದಾರೆ.

ಈ ನಾಲ್ಕರಲ್ಲಿ ಯಾವುದಕ್ಕೆ ನಾನು ಕಾನೂನಿನ ಪ್ರಕಾರ ಹೊಣೆ? ನನ್ನ ಸಂಬಳ, 2014ರಲ್ಲಿ ನನ್ನ ದುಡ್ಡಿನಿಂದ ಕೊಂಡ ಒಂದು ನಿವೇಶನ, ತವರಿನ ಒಡವೆ ಇವನ್ನು ಅವರು ಮುಟ್ಟಬಹುದೇ? ಮನೆಯಲ್ಲಿರುವ ತಮ್ಮ ಅರ್ಧ ಪಾಲನ್ನು ಅಣ್ಣ ದಾನಪತ್ರದ ಮೂಲಕ ಈಗಲೇ ನಿಮ್ಮ ಹೆಸರಿಗೆ ಮಾಡಿಬಿಡಲಿ ಎಂದು ಮೈದುನ ಹೇಳುತ್ತಿದ್ದಾನೆ. ಅದು ಸರಿಯೇ?

ಸಿವಿಲ್ ವಕೀಲ, ದಾವಣಗೆರೆ:

ಮೊದಲು ಸೋಮವಾರದ ವಿಷಯ. ಆ ಹಾಳೆಗೆ ದಯವಿಟ್ಟು ರುಜು ಹಾಕಬೇಡಿ. ಅವರು ಬರೆಸಲು ಹೊರಟಿದ್ದ ವಾಕ್ಯ ಮೇಲುನೋಟಕ್ಕೆ ಸಮಾಧಾನದ ಮಾತಿನಂತೆ ಕಂಡರೂ, 1872ರ ಕರಾರು ಕಾಯ್ದೆಯನ್ನು ಬಲ್ಲ ಯಾರೋ ಕೂತು ಯೋಚಿಸಿ ಹೇಳಿಕೊಟ್ಟ ವಾಕ್ಯದಂತಿದೆ. ಆ ಕಾಯ್ದೆಯ 127ನೇ ಕಲಮಿನ ಪ್ರಕಾರ, ಸಾಲಗಾರನ ಅನುಕೂಲಕ್ಕಾಗಿ ಮಾಡಿದ ಯಾವುದೇ ಕೆಲಸ ಜಾಮೀನುದಾರನ ಮಾತಿಗೆ ಸಾಕಷ್ಟು ಪ್ರತಿಫಲವಾಗಬಲ್ಲದು. ಕಲಮಿನ ಕೆಳಗಿರುವ ಉದಾಹರಣೆಗಳನ್ನೇ ನೋಡಿ: ಒಬ್ಬನು ಸಾಲಕ್ಕೆ ಸರಕು ಪಡೆದ ಮೇಲೆ ಮೂರನೆಯವನು ಬಂದು, ಅವನ ಮೇಲೆ ಒಂದು ವರ್ಷ ದಾವೆ ಹೂಡಬೇಡಿ, ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಹೇಳಿ, ಸಾಲ ಕೊಟ್ಟವನು ಅದಕ್ಕೆ ಒಪ್ಪಿದರೆ ಆ ಮಾತು ಕಟ್ಟುತ್ತದೆ, ಹಾಗಲ್ಲದೆ ಏನೂ ಪಡೆಯದೆ ಸುಮ್ಮನೆ ನಾನು ಕೊಡುತ್ತೇನೆ ಎಂದರೆ ಅದು ಅನೂರ್ಜಿತ. ನಿಮ್ಮಿಂದ ಬರೆಸಲು ನೋಡಿದ್ದು ಮೊದಲನೆಯ ಬಗೆಯದು. ಇಂದು ನಿಮ್ಮದಲ್ಲದ ಸಾಲ ಆ ಒಂದು ರುಜುವಿನಿಂದ ನಿಮ್ಮದೂ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿಯೂ ಅಂಥ ಮಾತು ಬರೆಯಬೇಡಿ.

ಈಗ ಮೂಲ ಪ್ರಶ್ನೆ. ಮದುವೆಯಾದ ಮಾತ್ರಕ್ಕೆ ಗಂಡನ ಸಾಲಕ್ಕೆ ಹೆಂಡತಿ, ಹೆಂಡತಿಯ ಸಾಲಕ್ಕೆ ಗಂಡ ಹೊಣೆಯಾಗುವ ನಿಯಮ ನಮ್ಮಲ್ಲಿಲ್ಲ. ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಿಂದ ಉಳಿದುಬಂದ ದಂಪತಿಯ ಸಮಾನ ಸ್ವತ್ತಿನ ಪದ್ಧತಿ ಬೇರೆಯೇ ಲೆಕ್ಕ. ಕರ್ನಾಟಕದಲ್ಲಿ ಗಂಡನ ಸ್ವತ್ತು ಗಂಡನದು, ಹೆಂಡತಿಯ ಸ್ವತ್ತು ಹೆಂಡತಿಯದು. "ತಿಂದವರು ಇಬ್ಬರೂ" ಎಂಬುದು ಜಗಲಿಯ ನ್ಯಾಯವೇ ಹೊರತು ಕೋರ್ಟಿನದಲ್ಲ. ಮನೆ ನಡೆಸಲು ಬೇಕಾದ ಅಕ್ಕಿ, ಬೇಳೆ, ಬಟ್ಟೆಯನ್ನು ಹೆಂಡತಿ ಉದ್ರಿ ತಂದಾಗ ಗಂಡನ ಮೌನ ಸಮ್ಮತಿಯಿತ್ತೆಂದು ಭಾವಿಸಿ ಅವನನ್ನು ಹೊಣೆ ಮಾಡುವ ಹಳೆಯ ತತ್ತ್ವವೊಂದಿದೆ. ಅದು ಕಿರಾಣಿ ಲೆಕ್ಕಕ್ಕೆ ಸೇರಿದ್ದು, ಆರೂವರೆ ಲಕ್ಷದ ಬ್ಯಾಂಕ್ ಸಾಲಕ್ಕಲ್ಲ.

ಆದ್ದರಿಂದ ವೈಯಕ್ತಿಕ ಸಾಲಕ್ಕೆ ನೀವು ಸಹಸಾಲಗಾರರೂ ಅಲ್ಲ, ಜಾಮೀನುದಾರರೂ ಅಲ್ಲ ಎಂದಾದರೆ ನಿಮ್ಮ ಹೊಣೆ ಸೊನ್ನೆ. ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿರ್ದೇಶನ ಸ್ಪಷ್ಟವಾಗಿದೆ: ಆಡ್-ಆನ್ ಕಾರ್ಡನ್ನು ಕೊಡುವುದೇ ಹೊಣೆ ಮೂಲ ಕಾರ್ಡುದಾರನದು ಎಂಬ ತಿಳಿವಳಿಕೆಯ ಮೇಲೆ. ಫ್ರಿಜ್ ನೀವೇ ಕೊಂಡಿದ್ದರೂ ಕಾರ್ಡ್ ಕಂಪನಿಯ ಎದುರು ಸಾಲಗಾರರು ನಿಮ್ಮ ಯಜಮಾನರೇ. ಇನ್ನು ಆ ಕಾರ್ಡನ್ನು ಬಳಸಬೇಡಿ; ರದ್ದುಮಾಡಲು ಅವರಿಂದ ಬರೆಸಿ.

ಮನೆ ಸಾಲಕ್ಕೆ ಮಾತ್ರ ನೀವು ಪೂರ್ತಿ ಹೊಣೆ, ಅರ್ಧಕ್ಕಲ್ಲ. ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಇಡೀ ಮೊತ್ತ ಕೇಳುವ ಹಕ್ಕನ್ನು ಕರಾರು ಕಾಯ್ದೆಯ 43ನೇ ಕಲಮು ಸಾಲ ಕೊಟ್ಟವರಿಗೆ ಕೊಡುತ್ತದೆ. ನಿಮ್ಮ ಪಾಲಿಗಿಂತ ಹೆಚ್ಚು ಕಟ್ಟಿದ್ದನ್ನು ಯಜಮಾನರಿಂದ ಕೇಳುವ ಹಕ್ಕು ನಿಮಗೆ ಉಳಿಯುತ್ತದೆ, ಆದರೆ ಅದು ನಿಮ್ಮಿಬ್ಬರ ನಡುವಿನದು. ಕೌಟುಂಬಿಕ ನ್ಯಾಯಾಲಯದ ವಿಚ್ಛೇದನದ ಆದೇಶದಲ್ಲಿ "ಸಾಲ ಗಂಡನೇ ತೀರಿಸತಕ್ಕದ್ದು" ಎಂದು ಬರೆದಿದ್ದರೂ ಬ್ಯಾಂಕು ಅದಕ್ಕೆ ಪಕ್ಷಕಾರನಲ್ಲದ ಕಾರಣ ಹೆಂಡತಿಯ ಮೇಲಿನ ಹಕ್ಕು ಬಿಟ್ಟುಕೊಡಬೇಕಾಗಿಲ್ಲ. ಇದು ಗೊತ್ತಿಲ್ಲದೆ ಒಪ್ಪಂದಕ್ಕೆ ರುಜು ಹಾಕಿ, ಮೂರು ವರ್ಷದ ಮೇಲೆ ನೋಟಿಸು ಹಿಡಿದು ಬಂದವರನ್ನು ನಾನು ನನ್ನ ಕಚೇರಿಯಲ್ಲೇ ಕಂಡಿದ್ದೇನೆ.

ಬೌನ್ಸ್ ಆದ ಚೆಕ್ಕಿನ ಕ್ರಿಮಿನಲ್ ಹೊಣೆ ರುಜು ಹಾಕಿದವರದು. ಖಾತೆ ಜಂಟಿಯಾಗಿದ್ದರೂ ಚೆಕ್ಕಿಗೆ ರುಜು ಹಾಕದವರ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ (ಚೆಕ್ ಬೌನ್ಸ್) ಮೊಕದ್ದಮೆ ನಿಲ್ಲದೆಂದು ಸುಪ್ರೀಂ ಕೋರ್ಟು 2013ರಲ್ಲಿ ಅಪರ್ಣಾ ಷಾ ಪ್ರಕರಣದಲ್ಲಿ ಹೇಳಿತು. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡ ಹೆಂಡತಿ ಇಬ್ಬರೂ ಕೊಡಬೇಕಾದ ಹಣವೆಂದು ಆಪಾದಿಸಿದ್ದರೂ ಚೆಕ್ಕಿಗೆ ಗಂಡನೊಬ್ಬನೇ ರುಜು ಹಾಕಿದ್ದರಿಂದ ಹೆಂಡತಿಯ ಮೇಲಿನ ದೂರನ್ನು ರದ್ದುಮಾಡಿತು.

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ರುಜುವಿಲ್ಲದೆಯೂ ಹೊಣೆ ಬರಬಹುದು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮುಂಬೈ ಷೇರುಪೇಟೆಯ ಒಂದು ವ್ಯಾಜ್ಯ ಬಂದಿತ್ತು. ಗಂಡ ಹೆಂಡತಿಯರದು ಬೇರೆ ಬೇರೆ ಟ್ರೇಡಿಂಗ್ ಖಾತೆ. ನಷ್ಟವಾದದ್ದು ಹೆಂಡತಿಯ ಖಾತೆಯಲ್ಲಿ. ಆದರೂ ಇಬ್ಬರೂ ಸೇರಿ ಹೊಣೆ ಎಂಬ ಬಾಯಿಮಾತಿನ ಒಪ್ಪಂದವಿತ್ತೆಂದೂ, ಎರಡು ಖಾತೆಗಳನ್ನು ಒಟ್ಟಿಗೆ ನಡೆಸುತ್ತಿದ್ದರೆಂದೂ ಸಾಕ್ಷ್ಯದಿಂದ ಕಂಡುಬಂದಿದ್ದರಿಂದ ಗಂಡನೂ ಹೊಣೆ ಎಂಬ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪನ್ನು ಕೋರ್ಟು ಎತ್ತಿಹಿಡಿಯಿತು. ಕೈಸಾಲ ಕೊಟ್ಟ ಸ್ನೇಹಿತರ ಎದುರು "ನಾವಿದ್ದೇವಲ್ಲ, ಕೊಡುತ್ತೇವೆ" ಎಂದು ಹೇಳಿ ಅವರಿಂದ ಗಡುವು ಪಡೆಯುವ ಮುನ್ನ ಈ ಪ್ರಕರಣ ನೆನಪಿರಲಿ.

ಸಂಬಳಕ್ಕೆ ನಾಳೆಯೇ ತಡೆ ತರುತ್ತೇವೆ ಎಂಬುದು ಬರೀ ಬೆದರಿಕೆ. ಸಂಬಳ ಜಪ್ತಿಗೆ ಮೊದಲು ದಾವೆ ನಡೆದು, ನಿಮ್ಮ ಮೇಲೆಯೇ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು, ಆಗಿರಬೇಕು. ಗಂಡನ ಮೇಲಿನ ಡಿಕ್ರಿಗೆ ಹೆಂಡತಿಯ ಸಂಬಳ ಹಿಡಿಯಲು ಬರುವುದಿಲ್ಲ. ನಿಮ್ಮ ಮೇಲೆಯೇ ಡಿಕ್ರಿಯಾದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಮೊದಲ ಸಾವಿರ ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಬಿಟ್ಟು ಮಿಕ್ಕಿದ್ದನ್ನಷ್ಟೇ ಹಿಡಿಯಲು ಬಿಡುತ್ತದೆ. ಅದೇ ಕಲಮು ಮನೆಯ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಮತ್ತು ಧರ್ಮದ ರೂಢಿಯಂತೆ ಹೆಣ್ಣು ತೆಗೆಯಬಾರದ ಒಡವೆಯನ್ನು ಜಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಅಮೀನ ಬಂದರೂ ಮಾಂಗಲ್ಯಕ್ಕೆ ಕೈ ಹಾಕುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸಬಾರದೆಂದು 56ನೇ ಕಲಮು ಹೇಳುತ್ತದೆ. ತವರಿನ ಒಡವೆ ಸ್ತ್ರೀಧನ, ಅದು ನಿಮ್ಮ ಸ್ವಂತದ್ದೆಂದು 1985ರ ಪ್ರತಿಭಾ ರಾಣಿ ತೀರ್ಪಿನಿಂದ ಇತ್ತೀಚಿನವರೆಗೂ ಸುಪ್ರೀಂ ಕೋರ್ಟು ಹೇಳುತ್ತ ಬಂದಿದೆ. ನಿವೇಶನವನ್ನು ನಿಮ್ಮ ಸಂಬಳದಿಂದ ಕೊಂಡದ್ದಕ್ಕೆ 2014ರ ಪಾಸ್‌ಬುಕ್ ಪುಟಗಳನ್ನು ಈಗಲೇ ತೆಗೆದಿಡಿ. ಗಂಡನದೆಂದು ತಪ್ಪಾಗಿ ಜಪ್ತಿಗೆ ಸೇರಿಸಿದರೆ ತಕರಾರು ಅರ್ಜಿ ಹಾಕಲು ಅದೇ ಆಧಾರ.

ಮೈದುನನ ಸಲಹೆ ಮಾತ್ರ ಬೇಡ. ಸಾಲ ಕೊಟ್ಟವರನ್ನು ತಪ್ಪಿಸುವ ಉದ್ದೇಶದಿಂದ ಮಾಡಿದ ವರ್ಗಾವಣೆಯನ್ನು ಅವರು ಕೋರ್ಟಿನಲ್ಲಿ ರದ್ದುಮಾಡಿಸಬಹುದು. ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮು ಇರುವುದೇ ಅದಕ್ಕೆ. ಅಂಗಡಿ ಮುಚ್ಚಿದ ಮೇಲೆ, ನೋಟಿಸು ಬಂದ ಮೇಲೆ, ಹೆಂಡತಿಯ ಹೆಸರಿಗೆ ಪ್ರತಿಫಲವಿಲ್ಲದೆ ಬರೆದ ದಾನಪತ್ರದ ಉದ್ದೇಶವೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಹೇಗೂ ಬ್ಯಾಂಕಿಗೆ ಅಡಮಾನವಾಗಿದೆ. ಇಷ್ಟು ದಿನ ಪ್ರಾಮಾಣಿಕವಾಗಿರುವ ನಿಮ್ಮನ್ನು ಆ ಒಂದು ಪತ್ರ ಮೋಸದ ಪಾಲುದಾರರನ್ನಾಗಿ ತೋರಿಸುತ್ತದೆ.

ಕ್ಯಾಲಿಫೋರ್ನಿಯಾ ಕನ್ನಡಿಗ:

ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ಹುಡುಕಿ ಗಾಬರಿಯಾಗುವವರಿಗಾಗಿ ಒಂದು ಮಾತು. "ಮದುವೆಯ ಅವಧಿಯ ಸಾಲ ಇಬ್ಬರದೂ" ಎಂದು ಬರೆದ ಲೇಖನಗಳಲ್ಲಿ ಬಹುಪಾಲು ಅಮೆರಿಕದ ಒಂಬತ್ತು ರಾಜ್ಯಗಳಿಗೆ ಸಂಬಂಧಿಸಿದವು. ನಾನಿರುವ ಕ್ಯಾಲಿಫೋರ್ನಿಯಾ ಅವುಗಳಲ್ಲೊಂದು. ಟೆಕ್ಸಾಸ್, ವಾಷಿಂಗ್ಟನ್ ಕೂಡ. ಇಲ್ಲಿ ಮದುವೆಯ ನಂತರ ಇಬ್ಬರೂ ದುಡಿದದ್ದು ಸಮುದಾಯ ಸ್ವತ್ತಾಗುವುದರಿಂದ, ಒಬ್ಬರೇ ಮಾಡಿದ ಕಾರ್ಡ್ ಸಾಲಕ್ಕೂ ಆ ಸ್ವತ್ತು ಈಡಾಗುತ್ತದೆ. ಮದುವೆಗೆ ಮುಂಚಿನ ಸಾಲವಾದರೆ, ಇನ್ನೊಬ್ಬರು ತಮ್ಮ ಸಂಬಳವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದರಲ್ಲಿ ಬೇರೆ ಹಣ ಬೆರೆಸದಿದ್ದಲ್ಲಿ ಆ ಸಂಬಳ ಬಚಾವಾಗುತ್ತದೆ. ಊರಿನಲ್ಲಿರುವ ನನ್ನ ಅಕ್ಕ ಇಂಥದೇ ಲೇಖನ ಓದಿ ಭಾವನ ಕಾರ್ಡಿನ ಬಾಕಿಗೆ ತನ್ನ ಚೀಟಿ ಎತ್ತಿ ಕಟ್ಟಿಬಿಟ್ಟಿದ್ದಳು. ಆ ನಿಯಮ ಭಾರತದ್ದಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು:

ವಕೀಲರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅವರ ಉತ್ತರದಲ್ಲಿ "ಜಾಮೀನುದಾರರೂ ಅಲ್ಲ ಎಂದಾದರೆ" ಎಂಬ ಮೂರು ಪದಗಳಿವೆ. ಮೂವತ್ತೊಂದು ವರ್ಷ ಶಾಖೆಗಳಲ್ಲಿ ಕೂತ ನನಗೆ ಭಯವಿರುವುದು ಅಲ್ಲಿ. ಅಂಗಡಿಗೆ ಓವರ್‌ಡ್ರಾಫ್ಟ್ (ಮಂಜೂರಾದ ಮಿತಿಯವರೆಗೆ ಬೇಕಾದಾಗ ತೆಗೆದು, ಆದಾಗ ಕಟ್ಟುವ ಸಾಲ) ಇರಲಿಲ್ಲವೇ? ಹನ್ನೊಂದು ವರ್ಷ ನಡೆದ ಸಣ್ಣ ಉದ್ದಿಮೆಗೆ ಚಾಲ್ತಿ ಬಂಡವಾಳದ ಸಾಲವಿರದೆ ಹೋಗುವುದು ಅಪರೂಪ, ಮತ್ತು ಅಂಥ ಸಾಲಕ್ಕೆ ಸಂಬಳದಾರ ಹೆಂಡತಿಯ ಜಾಮೀನನ್ನು ನಾವು ಕೇಳದೆ ಇರುತ್ತಿರಲಿಲ್ಲ.

ಅದು ನಡೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಕಾಗದಗಳೆಲ್ಲ ತಯಾರಾದ ಮೇಲೆ, "ಮೇಡಂ ಅವರನ್ನು ಐದು ನಿಮಿಷ ಕರೆದುಕೊಂಡು ಬನ್ನಿ" ಎಂದು ಯಜಮಾನರಿಗೆ ಹೇಳುತ್ತಿದ್ದೆವು. ಎಲ್ಲೆಲ್ಲಿ ರುಜು ಬೇಕೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿಟ್ಟಿರುತ್ತಿದ್ದೆವು. ಅವರು ಕೌಂಟರಿನ ಪಕ್ಕ ನಿಂತೇ, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಎಂದ ಕಡೆ ರುಜು ಹಾಕುತ್ತಿದ್ದರು. ಅದರಲ್ಲಿ ಯಾವುದು ಜಾಮೀನು ಪತ್ರ, ಯಾವುದು ಬರೀ ವಿಳಾಸದ ದಾಖಲೆ ಎಂದು ಕೇಳಿದವರು ಕಡಿಮೆ, ನಾವಾಗಿ ಹೇಳಿದ್ದು ಇನ್ನೂ ಕಡಿಮೆ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ.

ಆದ್ದರಿಂದ ನಿಮ್ಮ ಕ್ರೆಡಿಟ್ ವರದಿಯನ್ನು ಇವತ್ತೇ ತೆಗೆಸಿ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ಸಾಲಗಾರರೋ, ಜಂಟಿಯೋ, ಜಾಮೀನುದಾರರೋ ಎಂಬುದು ಅದರಲ್ಲಿ ಖಾತೆಯ ಎದುರಿಗೇ ಇರುತ್ತದೆ. ನಿಮ್ಮದಲ್ಲದ ಸಾಲ ಸೇರಿಕೊಂಡಿದ್ದರೆ ತಿದ್ದಲು ಬರೆದುಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಕೊಡುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಶಾಲೆಗೆ ಬಂದವರ ಬಗ್ಗೆ ಸುಮ್ಮನಿರಬೇಡಿ. ವಸೂಲಿಗಾರರು ಸಾಲಗಾರನ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕಬಾರದು, ಸಾರ್ವಜನಿಕವಾಗಿ ಅವಮಾನಿಸಬಾರದು, ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ದಿನಾಂಕ, ಹೊತ್ತು, ಬಂದವರ ಗುರುತು, ಮುಖ್ಯೋಪಾಧ್ಯಾಯರು ಸಾಕ್ಷಿ ಎಂಬುದನ್ನೆಲ್ಲ ಬರೆದು ಸಾಲ ಕೊಟ್ಟ ಸಂಸ್ಥೆಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು.

ತುಮಕೂರಿನ ಶಿಕ್ಷಕಿ:

ನಿಮ್ಮ ಅನುಮಾನವೇ ನಿಜವಾಯಿತು. ವರದಿಯಲ್ಲಿ ನಾನು ಕೇಳಿಯೂ ಇರದ ಒಂದು ಓವರ್‌ಡ್ರಾಫ್ಟ್ ಖಾತೆಯ ಎದುರು ಜಾಮೀನುದಾರಳೆಂದು ನನ್ನ ಹೆಸರಿದೆ. ಯಜಮಾನರನ್ನು ಕೇಳಿದಾಗ ಒಪ್ಪಿಕೊಂಡರು; ಅಂಗಡಿಯ ಸಾಮಾನು ಮಾರಿ ತೀರಿಸಬಹುದೆಂದು ಹೇಳದೆ ಉಳಿದರಂತೆ. 2018ರಲ್ಲಿ ನಾಲ್ಕು ಲಕ್ಷದ ಮಿತಿಗೆ ಮಂಜೂರಾಗಿ, 2022ರಲ್ಲಿ ಏಳು ಲಕ್ಷಕ್ಕೆ ಏರಿದೆ. 2018ರ ಆ ದಿನ ನೆನಪಿದೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೊರಟವಳನ್ನು ದಾರಿಯಲ್ಲಿ ನಿಲ್ಲಿಸಿ ಕರೆದುಕೊಂಡು ಹೋಗಿದ್ದರು, ನಾನು ನಿಂತೇ ರುಜು ಹಾಕಿದ್ದೆ. 2022ರಲ್ಲಿ ನನ್ನನ್ನು ಯಾರೂ ಕರೆದಿಲ್ಲ, ನಾನು ಯಾವ ಕಾಗದಕ್ಕೂ ರುಜು ಹಾಕಿಲ್ಲ. ಈಗ ಬಾಕಿ ಆರು ಲಕ್ಷ ಎಂಬತ್ತು ಸಾವಿರ. ಓದದೆ ಹಾಕಿದ ರುಜು ನನ್ನನ್ನು ಅಷ್ಟಕ್ಕೂ ಕಟ್ಟಿಹಾಕುತ್ತದೆಯೇ?

ಸಿವಿಲ್ ವಕೀಲ, ದಾವಣಗೆರೆ:

ಓದಲಿಲ್ಲ ಎಂಬ ವಾದವನ್ನು ವಿದ್ಯಾವಂತೆಯೊಬ್ಬರ ಬಾಯಿಂದ ಯಾವ ನ್ಯಾಯಾಧೀಶರೂ ಕೇಳುವುದಿಲ್ಲ. ಅದನ್ನು ಮೊದಲೇ ಬಿಟ್ಟುಬಿಡಿ. ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ. ಮೊದಲು ಗಂಡನನ್ನು ಹಿಡಿಯಿರಿ, ಆಮೇಲೆ ನನ್ನ ಬಳಿ ಬನ್ನಿ ಎಂದು ಹೇಳುವ ಹಕ್ಕೂ ಇಲ್ಲ. ಅದನ್ನು ಸುಪ್ರೀಂ ಕೋರ್ಟು 1968ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ಆದರೆ 2022ರಲ್ಲಿ ನಿಮ್ಮನ್ನು ಕರೆಯಲಿಲ್ಲ ಎಂಬುದು ತೂಕದ ಮಾತು. ಜಾಮೀನುದಾರರ ಒಪ್ಪಿಗೆಯಿಲ್ಲದೆ ಬ್ಯಾಂಕೂ ಸಾಲಗಾರನೂ ಸೇರಿ ಕರಾರಿನ ಷರತ್ತು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಜಾಮೀನುದಾರರು ಹೊಣೆಯಲ್ಲ ಎನ್ನುತ್ತದೆ 133ನೇ ಕಲಮು. ಮಿತಿಯನ್ನು ನಾಲ್ಕರಿಂದ ಏಳಕ್ಕೆ ಏರಿಸುವುದು ಬದಲಾವಣೆಯಲ್ಲ ಎಂದು ವಾದಿಸುವುದು ಕಷ್ಟ. ಬ್ಯಾಂಕಿನವರು ಜಾಮೀನು ಪತ್ರದಲ್ಲಿರುವ "ಮುಂದಿನ ಯಾವ ಬದಲಾವಣೆಗೂ ನನ್ನ ಒಪ್ಪಿಗೆಯಿದೆ" ಎಂಬ ಸಾಲನ್ನು ತೋರಿಸುತ್ತಾರೆ. ಅಚ್ಚಾದ ಪತ್ರಗಳಲ್ಲಿ ಅದು ಸಾಮಾನ್ಯ. ಹಾಗಿದ್ದರೂ ನಿಮ್ಮ ಜಾಮೀನು ನಾಲ್ಕು ಲಕ್ಷ ಮತ್ತು ಅದರ ಬಡ್ಡಿಗೆ ಸೀಮಿತ ಎಂದು ಪತ್ರದಲ್ಲಿದ್ದರೆ ಮಿಕ್ಕ ಮೊತ್ತಕ್ಕೆ ನಿಮ್ಮನ್ನು ಹಿಡಿಯಲಾಗದು. ಇನ್ನೊಂದು ಸೂಕ್ಷ್ಮವಿದೆ. ಓವರ್‌ಡ್ರಾಫ್ಟ್ ಓಡುವ ಲೆಕ್ಕ. ಯಾವ ಬಾಕಿಗೆಂದು ಕಟ್ಟಿದವರಾಗಲಿ ಬ್ಯಾಂಕಾಗಲಿ ಗೊತ್ತುಮಾಡದ ಹಣ ಹಳೆಯ ಬಾಕಿಗೆ ಮೊದಲು ಜಮೆಯಾಗಬೇಕೆಂಬುದು 61ನೇ ಕಲಮಿನ ನಿಯಮ. ಮಿತಿ ಏರಿಸಿದ ದಿನ ಎಷ್ಟು ಬಾಕಿಯಿತ್ತು, ಆಮೇಲೆ ಅಂಗಡಿಯಿಂದ ಎಷ್ಟು ಜಮೆಯಾಯಿತು ಎಂದು ನೋಡಿದರೆ, ನೀವು ಜಾಮೀನು ನಿಂತ ಹಳೆಯ ಬಾಕಿ ಎಂದೋ ತೀರಿಹೋಗಿದೆ ಎಂದು ವಾದಿಸುವ ದಾರಿ ಸಿಗಬಹುದು. ಗಣಿತದ ಮೇಷ್ಟ್ರಿಗೆ ಈ ಲೆಕ್ಕ ಕಷ್ಟವಾಗಲಾರದು.

ಅವಧಿ ಮೀರಿದೆ ಎಂಬುದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕೇಳಿದಾಗ ಕೊಡುತ್ತೇನೆ ಎಂಬ ಬಗೆಯ ಜಾಮೀನಿನಲ್ಲಿ ಮೂರು ವರ್ಷದ ಗಡುವು ಬ್ಯಾಂಕು ಕೇಳಿ, ನೀವು ಕೊಡದೆ ಹೋದಾಗಿನಿಂದ ಆರಂಭವಾಗುತ್ತದೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು; ಅದು ನಮ್ಮ ಕರ್ನಾಟಕದಿಂದಲೇ ಹೋದ ಚನ್ನವೀರಪ್ಪ ಬೆಲೇರಿ ಪ್ರಕರಣ.

ಖಾತೆ ಇನ್ನೂ ತೆರೆದಿದ್ದರೆ, ಮುಂದಿನ ವ್ಯವಹಾರಗಳಿಗೆ ನನ್ನ ಜಾಮೀನನ್ನು ಹಿಂತೆಗೆದುಕೊಂಡಿದ್ದೇನೆ ಎಂದು 130ನೇ ಕಲಮಿನ ಪ್ರಕಾರ ನೋಟಿಸು ಕೊಡಿ. ಹಿಂದಿನದಕ್ಕೆ ಅದರಿಂದ ಪ್ರಯೋಜನವಿಲ್ಲ. ಆ ನೋಟಿಸಿನಲ್ಲಿ ಬಾಕಿ ಎಷ್ಟೆಂದಾಗಲಿ, ಅದು ನಿಜವೆಂದಾಗಲಿ ಒಪ್ಪಿಕೊಳ್ಳುವ ಒಂದು ಪದವೂ ಇರಬಾರದು. ಲೋಕ ಅದಾಲತ್‌ಗೆ ಕರೆದರೆ ಹೋಗಿ, ಆದರೆ ಅಲ್ಲಿ ಹಾಕಿದ ರಾಜಿ ರುಜು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನವೆಂಬುದು ತಿಳಿದಿರಲಿ. ವಕೀಲರ ಖರ್ಚಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿಯಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು:

ವಕೀಲರನ್ನು ಕಾಣುವ ಮುನ್ನ ಶಾಖೆಗೆ ಅರ್ಜಿ ಕೊಡಿ. 2018ರ ಜಾಮೀನು ಪತ್ರದ ಪ್ರತಿ, 2018 ಮತ್ತು 2022ರ ಮಂಜೂರಾತಿ ಪತ್ರಗಳು, ಖಾತೆ ತೆರೆದ ದಿನದಿಂದ ಇಂದಿನವರೆಗಿನ ಪೂರ್ತಿ ಲೆಕ್ಕ, ಇಷ್ಟನ್ನು ಕೇಳಿ. ಮೌಖಿಕವಾಗಿ ಕೇಳಿದರೆ "ಹಳೆಯ ಫೈಲು ಗೋಡೌನಿನಲ್ಲಿದೆ" ಎಂಬ ಉತ್ತರ ಸಿಗುತ್ತದೆ. ನಾನೂ ಕೊಟ್ಟ ಉತ್ತರವೇ ಅದು. ಅರ್ಜಿಯನ್ನು ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರೂ ದಿನಾಂಕವೂ ಬಿದ್ದ ಮೇಲೆಯೇ ಕೌಂಟರು ಬಿಟ್ಟು ಬನ್ನಿ.